ಸಾರಾಳನ್ನು ಅಜ್ಜಿಯಾಗಲು ಬಿಡಲಿಲ್ಲ

ಹರಿಕಥೆಯಾಗಲಿ ಯಕ್ಷಗಾನವಾಗಲಿ, ನಮ್ಮಲ್ಲಿ ಮಂಗಳ ಹಾಡಿದ ಮೇಲೆ ಮುಗಿಯಿತು. ಜನ ಚಾಪೆ ಮಡಚಿ, ನಿದ್ದೆಹೋದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೊರಡುತ್ತಾರೆ. ಆಟ ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ ಭಾಗವತರು ಅವರನ್ನು ವಾಪಸ್ಸು ಕರೆದು, ಸತ್ತ ರಕ್ಕಸನನ್ನು ಎಬ್ಬಿಸಿ ನಿಲ್ಲಿಸಿ, ಗೆದ್ದವರು ಗೆದ್ದೇ ಇರಲಿಲ್ಲ ಎಂದು ಪದ ಎತ್ತುವುದಿಲ್ಲ. ಎತ್ತಿದರೆ ಜನ ಸುಮ್ಮನಿರುವುದೂ ಇಲ್ಲ. ಈ ಮರ್ಯಾದೆ ಹಾಲಿವುಡ್ಡಿನ ಹೊಡೆದಾಟದ ಚಿತ್ರಗಳಿಗಿಲ್ಲ. ಅಲ್ಲಿ ಮಂಗಳವೆಂಬುದು ಚಿತ್ರ ಎಷ್ಟು ಹಣ ತಂದಿತು ಎನ್ನುವುದರ ಮೇಲೆ ನಿಂತಿದೆ. ಹಣ ತಂದ ಕಥೆಗೆ ಮುಗಿಯುವ ಹಕ್ಕೇ ಇಲ್ಲ.

'ಟರ್ಮಿನೇಟರ್' ಎಂಬ ಹೆಸರು ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕಪ್ಪು ಕನ್ನಡಕ, ಚರ್ಮದ ಕೋಟು, ಬಂಡೆಯಂಥ ಮೈಯ ಅರ್ನಾಲ್ಡ್ ಶ್ವಾರ್ಜ್‌ನೆಗರ್. ಕೊಲ್ಲಿ ಯುದ್ಧದ ನಂತರ ಊರೂರಿಗೂ ಕೇಬಲ್ ಟೀವಿ ಬಂದಾಗ ಹುಡುಗರು ಊಟ ತಿಂಡಿ ಬಿಟ್ಟು ನೋಡುತ್ತಿದ್ದ ಚಿತ್ರಗಳ ಸಾಲಿನಲ್ಲಿ ಇದೂ ಒಂದು. ಗುಂಡು, ಬೆಂಕಿ, ಒಡೆದ ಗಾಜು. ಗೃಹಿಣಿಯರಿಗೆ ಇದರಲ್ಲಿ ಏನಿದೆ ಎಂದು ನಾವು ಒಳಗೆ ಹೋಗುತ್ತಿದ್ದೆವು. ಆದರೆ 1984ರಿಂದ 2019ರವರೆಗೆ ಮೂವತ್ತೈದು ವರ್ಷಗಳಲ್ಲಿ ಬಂದ ಈ ಆರು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ಅದು ಯಂತ್ರಮಾನವನ ಕಥೆಯಲ್ಲ. ಒಬ್ಬ ತಾಯಿಯ ಕಥೆ. ಅವಳು ಕಷ್ಟಪಟ್ಟು ಗಳಿಸಿದ್ದನ್ನು ಅವಳಿಂದ ಹೇಗೆ ಒಂದೊಂದಾಗಿ ಕಿತ್ತುಕೊಂಡರು ಎಂಬುದರ ಇತಿಹಾಸ. ಕೊನೆಯ ಚಿತ್ರ 'ಟರ್ಮಿನೇಟರ್: ಡಾರ್ಕ್ ಫೇಟ್' ಏಕೆ ಅಷ್ಟು ನಿರಾಸೆ ಮಾಡಿತು ಎಂಬುದು ತಿಳಿಯಬೇಕಾದರೆ ಮೊದಲಿನಿಂದ ಹೇಳಬೇಕು.

ಕಥೆ ಹುಟ್ಟಿದ್ದು ಜ್ವರದಲ್ಲಿ. ಕೆನಡಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಲಾರಿ ಓಡಿಸಿ ಹೊಟ್ಟೆ ಹೊರೆಯುತ್ತಿದ್ದ ಜೇಮ್ಸ್ ಕ್ಯಾಮರಾನ್ ಎಂಬ ತರುಣ, ತನ್ನ ಮೊದಲ ಚಿತ್ರದ ಕೆಲಸಕ್ಕೆಂದು ರೋಮ್ ನಗರಕ್ಕೆ ಹೋಗಿದ್ದಾಗ ಕಾಯಿಲೆ ಬಿದ್ದರು. ಬೆಂಕಿಯೊಳಗಿನಿಂದ ಲೋಹದ ಅಸ್ಥಿಪಂಜರವೊಂದು ಎದ್ದು ಬರುವ ಕನಸು ಬಿತ್ತು. ಆ ಕನಸನ್ನು ಕಥೆಯಾಗಿ ಬೆಳೆಸುವಾಗ ಜೊತೆಗಿದ್ದವರು ಗೇಲ್ ಆನ್ ಹರ್ಡ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಅಗ್ಗದ ಚಿತ್ರಗಳ ನಿರ್ಮಾಪಕ ರೋಜರ್ ಕಾರ್ಮನ್ ಅವರ ಕಚೇರಿಯಲ್ಲಿ ಸಹಾಯಕಿಯಾಗಿ ಸೇರಿ ಮೇಲೆ ಬಂದ ಹೆಣ್ಣುಮಗಳು ಅವರು. ನಿರ್ದೇಶನ ತನಗೇ ಸಿಗಬೇಕು ಎಂಬ ಷರತ್ತಿನ ಮೇಲೆ ಕ್ಯಾಮರಾನ್ ಕಥೆಯ ಹಕ್ಕನ್ನು ಹರ್ಡ್ ಅವರಿಗೆ ಮಾರಿದರು. ಬೆಲೆ ಒಂದೇ ಒಂದು ಡಾಲರ್. ಆ ಒಂದು ಡಾಲರಿನ ವ್ಯವಹಾರ ಮುಂದೆ ಈ ಕಥೆಯ ಹಣೆಬರಹವನ್ನೇ ಬರೆಯಿತು. ಕಥೆ ಕಟ್ಟಿದವನ ಕೈಯಲ್ಲಿ ಕಥೆ ಉಳಿಯಲಿಲ್ಲ.

1984ರ ಅಕ್ಟೋಬರ್ 26ರಂದು ಬಿಡುಗಡೆಯಾದ ಮೊದಲ ಚಿತ್ರಕ್ಕೆ ತಗಲಿದ ಖರ್ಚು ಸುಮಾರು 64 ಲಕ್ಷ ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಬಡವರ ಮನೆಯ ಮದುವೆ. ನಾಯಕಿ ಸಾರಾ ಕಾನರ್ ಲಾಸ್ ಏಂಜಲೀಸಿನ ಹೋಟೆಲೊಂದರಲ್ಲಿ ತಟ್ಟೆ ಲೋಟ ಹೊತ್ತು ಓಡಾಡುವ ಹುಡುಗಿ. ಗಿರಾಕಿಯ ಬಟ್ಟೆಯ ಮೇಲೆ ಚೆಲ್ಲಿ ಬೈಸಿಕೊಳ್ಳುವವಳು, ಗೆಳತಿಯ ಜೊತೆ ಒಂದು ಮನೆ ಹಂಚಿಕೊಂಡು ಇರುವವಳು. ಅವಳಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮುಂದೆ ಯಂತ್ರಗಳು ಮನುಷ್ಯರನ್ನು ನಾಶಮಾಡಲು ಹೊರಡುವ ಕಾಲದಲ್ಲಿ ಜನರನ್ನು ಒಟ್ಟುಗೂಡಿಸಿ ಹೋರಾಡುವವನು ಅವಳ ಇನ್ನೂ ಹುಟ್ಟದ ಮಗ. ಅವನು ಹುಟ್ಟುವ ಮೊದಲೇ ತಾಯಿಯನ್ನು ಮುಗಿಸಲೆಂದು ಯಂತ್ರಗಳು 2029ರಿಂದ ಕೊಲೆಗಾರನನ್ನು ಕಳಿಸಿವೆ. ಅವಳನ್ನು ಹುಡುಕಲು ಆ ಕೊಲೆಗಾರ ಟೆಲಿಫೋನ್ ಡೈರೆಕ್ಟರಿ ತೆಗೆಯುತ್ತಾನೆ. ಅದರಲ್ಲಿ ಮೂವರು ಸಾರಾ ಕಾನರ್‌ಗಳಿದ್ದಾರೆ. ಹೆಸರು ಒಂದೇ ಎಂಬ ತಪ್ಪಿಗೆ ಮೊದಲ ಇಬ್ಬರು ಹೆಂಗಸರು ಸಾಯುತ್ತಾರೆ. ನನಗೆ ಇಡೀ ಚಿತ್ರದಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಲೋಹದ ಅಸ್ಥಿಪಂಜರವಲ್ಲ, ಆ ಡೈರೆಕ್ಟರಿಯ ಪುಟ. ತನ್ನ ಹೆಸರು ವಿಳಾಸಗಳು ಅಪರಿಚಿತನ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬ ಅಂಜಿಕೆ ಯಾವ ಊರಿನ ಹೆಣ್ಣಿಗೆ ಇಲ್ಲ?

ಈ ಕಥೆ ನಮಗೆ ಹೊಸದೂ ಅಲ್ಲ. ಹುಟ್ಟಲಿರುವ ಮಗುವಿಗೆ ಹೆದರಿ ತಾಯಿಯ ಹಿಂದೆ ಬೀಳುವವನನ್ನು ನಾವು ಕಂಸನೆಂದು ಕರೆದಿದ್ದೇವೆ. ಕ್ರೈಸ್ತರು ಹೆರೋದನೆಂದು ಕರೆದಿದ್ದಾರೆ. ಆದರೆ ನಮ್ಮ ದೇವಕಿ ಸೆರೆಮನೆಯಲ್ಲಿ ಕೂತು ಅಳಬೇಕಾಯಿತು. ಮಗುವನ್ನು ಹೊಳೆ ದಾಟಿಸಿದವನು ವಸುದೇವ, ಸಾಕಿದವಳು ಯಶೋದೆ. ಸಾರಾಳಿಗೆ ಅಂಥ ದಿಕ್ಕಿಲ್ಲ. ಅವಳನ್ನು ಕಾಪಾಡಲು ಭವಿಷ್ಯದಿಂದ ಬಂದ ಸೈನಿಕ ಕೈಲ್ ರೀಸ್ ಅವಳ ಮಗುವಿಗೆ ತಂದೆಯಾಗಿ ಸಾಯುತ್ತಾನೆ. ರಕ್ಷಣೆ ಕೊಡುತ್ತೇವೆಂದು ಕೂರಿಸಿಕೊಂಡ ಪೊಲೀಸ್ ಠಾಣೆಯೇ ಒಂದು ರಾತ್ರಿಯಲ್ಲಿ ಸ್ಮಶಾನವಾಗುತ್ತದೆ. ಅಮ್ಮನಿಗೆ ಫೋನ್ ಮಾಡಿದರೆ ಆ ಕಡೆಯಿಂದ ಅಮ್ಮನ ದನಿಯಲ್ಲಿ ಮಾತಾಡುವುದು ಕೊಲೆಗಾರ ಯಂತ್ರ. ಕೊನೆಗೆ ಕಾರ್ಖಾನೆಯೊಂದರ ಒತ್ತುಯಂತ್ರದ ಕೆಳಗೆ ಅದನ್ನು ಜಜ್ಜಿ ಹಾಕುವವಳು, ಎರಡು ದಿನಗಳ ಹಿಂದೆ ತಟ್ಟೆ ಹೊರುತ್ತಿದ್ದ ಸಾರಾಳೇ. ಚಿತ್ರ ಮುಗಿಯುವಾಗ ಬಸುರಿ ಹೆಂಗಸು ಒಬ್ಬಳೇ ಜೀಪು ಓಡಿಸಿಕೊಂಡು, ಹುಟ್ಟಲಿರುವ ಮಗನಿಗಾಗಿ ಟೇಪಿನಲ್ಲಿ ಮಾತು ತುಂಬಿಸುತ್ತಾ, ಮೋಡ ಕವಿದ ಬೆಟ್ಟಗಳ ಕಡೆಗೆ ಹೋಗುತ್ತಾಳೆ.

ಏಳು ವರ್ಷದ ನಂತರ, 1991ರ ಜುಲೈ 3ರಂದು ಎರಡನೆಯ ಭಾಗ ಬಂತು. ಈ ಸಲ ಖರ್ಚು ಸುಮಾರು 10 ಕೋಟಿ ಡಾಲರ್, ಗಳಿಕೆ 50 ಕೋಟಿಗೂ ಮೇಲೆ. ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಹಣ ತಂದ ಚಿತ್ರ ಅದು. ನಾಲ್ಕು ಆಸ್ಕರ್ ಪ್ರಶಸ್ತಿಗಳೂ ಬಂದವು. ಪಾದರಸದಂತೆ ಕರಗಿ ಯಾರ ರೂಪವನ್ನಾದರೂ ತಾಳುವ ಹೊಸ ಯಂತ್ರಮಾನವನನ್ನು ಕಂಪ್ಯೂಟರಿನಲ್ಲಿ ಮೂಡಿಸಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಕ್ಯಾಮರಾನ್ ಅವರ ಇನ್ನೊಂದು ಉಪಾಯ ಕಂಪ್ಯೂಟರಿಲ್ಲದ್ದು. ತೆರೆಯ ಮೇಲೆ ಇಬ್ಬರು ಸಾರಾಗಳು ಒಟ್ಟಿಗೆ ಕಾಣಬೇಕಾದ ಕಡೆ, ನಟಿ ಲಿಂಡಾ ಹ್ಯಾಮಿಲ್ಟನ್ ಜೊತೆ ಅವರ ಅವಳಿ ಸೋದರಿ ಲೆಸ್ಲಿಯವರನ್ನೇ ನಿಲ್ಲಿಸಿದರು. ಲೆಸ್ಲಿ ನಟಿಯಲ್ಲ, ವೃತ್ತಿಯಿಂದ ನರ್ಸು. 2020ರಲ್ಲಿ ತೀರಿಕೊಂಡರು.

ಆದರೆ ಆ ಚಿತ್ರದ ನಿಜವಾದ ವಿಸ್ಮಯ ಲಿಂಡಾ ಹ್ಯಾಮಿಲ್ಟನ್. ಮೊದಲ ಮಗು ಹುಟ್ಟಿದ ಸ್ವಲ್ಪ ಕಾಲದಲ್ಲೇ ಆಕೆ ಕಮಾಂಡೊ ಒಬ್ಬರ ಕೈಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಮೈ ಹುರಿಗೊಳಿಸಿಕೊಂಡು, ಬಂದೂಕು ಹಿಡಿಯುವುದನ್ನು ಕಲಿತರು. ಪಾತ್ರ ಹೀಗಿರಬೇಕೆಂದು ಕೇಳಿಕೊಂಡಿದ್ದೂ ಅವರೇ. ಸಾರಾಳಿಗೆ ಹುಚ್ಚು ಹಿಡಿದಿರಲಿ ಎಂದು ನಿರ್ದೇಶಕರಿಗೆ ಹೇಳಿದ್ದರಂತೆ. ಲಿಫ್ಟಿನೊಳಗೆ ಗುಂಡು ಹಾರಿಸುವ ದೃಶ್ಯದಲ್ಲಿ ಕಿವಿಗೆ ರಕ್ಷಣೆ ಇಟ್ಟುಕೊಳ್ಳಲು ಮರೆತು ಒಂದು ಕಿವಿಯ ಕೇಳ್ಮೆ ಕುಂದಿತು.

ಎರಡನೆಯ ಭಾಗ ತೆರೆದಾಗ ಸಾರಾ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದಾಳೆ. 1997ರ ಆಗಸ್ಟ್ 29ರಂದು ಯಂತ್ರಗಳು ಅಣುಬಾಂಬು ಹಾಕಲಿವೆ ಎಂದು ಅವಳು ಹೇಳುತ್ತಾಳೆ. ಯಾರೂ ನಂಬುವುದಿಲ್ಲ. ಅವಳ ಮಾತು ನಿಜವೆಂದು ನೋಡುವ ನಮಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ. ಮಗನನ್ನು ನೋಡಲು ಅನುಮತಿ ಬೇಕೆಂದರೆ ತಾನು ಹೇಳಿದ್ದೆಲ್ಲ ಭ್ರಮೆ ಎಂದು ಒಪ್ಪಿಕೊಳ್ಳಬೇಕು. ಅವಳು ಹಲ್ಲುಕಚ್ಚಿ ಒಪ್ಪಿಕೊಳ್ಳುತ್ತಾಳೆ, ಆದರೂ ಅನುಮತಿ ಸಿಗುವುದಿಲ್ಲ. ನಿಜ ಹೇಳುವ ಹೆಣ್ಣಿಗೆ ತಲೆಕೆಟ್ಟಿದೆ ಎಂದು ಹೆಸರಿಡುವುದು ಎಷ್ಟು ಸುಲಭ ಎಂಬುದನ್ನು ಹೊಡೆದಾಟದ ಚಿತ್ರವೊಂದು ಇಷ್ಟು ಸ್ಪಷ್ಟವಾಗಿ ತೋರಿಸಬಹುದೆಂದು ನಾನು ನಿರೀಕ್ಷಿಸಿರಲಿಲ್ಲ. ಮಂಚವನ್ನು ನಿಲ್ಲಿಸಿ ಅದರ ಕಾಲಿಗೆ ಜೋತುಬಿದ್ದು ಅವಳು ಕಸರತ್ತು ಮಾಡುವುದು ಚೆಲುವಿಗಾಗಿ ಅಲ್ಲ, ಹೊರಬೀಳುವ ದಿನಕ್ಕಾಗಿ.

ಆ ತಾಯಿಯನ್ನು ಚಿತ್ರ ದೇವತೆಯನ್ನಾಗಿ ಮಾಡುವುದೂ ಇಲ್ಲ. ಮುಂದೆ ನಾಶ ತರುವ ಕಂಪ್ಯೂಟರನ್ನು ರೂಪಿಸಲಿರುವ ಮೈಲ್ಸ್ ಡೈಸನ್ ಎಂಬ ವಿಜ್ಞಾನಿಯನ್ನು ಕೊಲ್ಲಲು ಅವಳು ಅವನ ಮನೆಗೆ ನುಗ್ಗುತ್ತಾಳೆ. ಹೆಂಡತಿ ಮತ್ತು ಚಿಕ್ಕ ಮಗನ ಎದುರು ಅವನು ಗಾಯಗೊಂಡು ಬಿದ್ದಿದ್ದಾನೆ. ಇಷ್ಟು ವರ್ಷ ಯಾವುದು ತನ್ನನ್ನು ಬೆನ್ನಟ್ಟಿತ್ತೋ ಅದೇ ತಾನಾಗಿದ್ದೇನೆ ಎಂದು ಅವಳಿಗೆ ಹೊಳೆಯುವುದು ಆಗ. ಬಂದೂಕು ಕೈಯಲ್ಲಿದ್ದೂ ಒತ್ತಲಾರದೆ ಕುಸಿದು ಕೂರುತ್ತಾಳೆ. ಆ ಕ್ಷಣದಲ್ಲಿ ಆ ಕಥೆ ಪೂರ್ತಿಯಾಯಿತು. ಕಾರ್ಖಾನೆ, ಬೆಂಕಿ, ಕರಗಿದ ಉಕ್ಕು ಎಲ್ಲ ಅದರ ನಂತರದ ಸಡಗರ.

ಈಗ ನಾನು ಹೇಳಬೇಕೆಂದಿದ್ದ ಸಂಗತಿಗೆ ಬಂದೆ. ಈ ಎರಡನೆಯ ಚಿತ್ರಕ್ಕೆ ಇನ್ನೊಂದು ಮುಕ್ತಾಯವಿತ್ತು. ಚಿತ್ರೀಕರಣವೂ ಆಗಿತ್ತು. 2029ನೇ ಇಸವಿ, ವಾಷಿಂಗ್ಟನ್ ನಗರದ ಉದ್ಯಾನ. ನಾಶವಾಗಬೇಕಿದ್ದ ಜಗತ್ತು ನಾಶವಾಗಿಲ್ಲ. ಬಿಳಿಕೂದಲಿನ ಸಾರಾ ಬೆಂಚಿನ ಮೇಲೆ ಕೂತಿದ್ದಾಳೆ. ಅವಳ ಮಗ ಜಾನ್ ಈಗ ಸೈನ್ಯದ ನಾಯಕನಲ್ಲ, ಸೆನೆಟರ್. ಅವನು ತನ್ನ ಪುಟ್ಟ ಮಗಳ ಜೊತೆ ಆಡುತ್ತಿದ್ದಾನೆ. ಆ ಮಗು ಓಡಿಬಂದು ಷೂ ಲೇಸು ಕಟ್ಟಿಕೊಡು ಎಂದು ಅಜ್ಜಿಯ ಮುಂದೆ ಕಾಲು ಚಾಚುತ್ತದೆ. ಅಷ್ಟೆ. ಈ ದೃಶ್ಯ ತೀರ ಮೃದುವಾಯಿತೆಂದು ಬಿಡುಗಡೆಗೆ ಮುಂಚೆ ತೆಗೆದುಹಾಕಿದರು. ಬದಲಿಗೆ ರಾತ್ರಿಯ ಕಪ್ಪು ರಸ್ತೆಯ ಮೇಲೆ ಓಡುವ ಬೆಳಕು, ಅದರ ಮೇಲೆ ಸಾರಾಳ ದನಿ. ಮುಂದೇನಾಗುವುದೋ ಗೊತ್ತಿಲ್ಲ, ಆದರೆ ಆಸೆ ಇದೆ ಎಂಬ ಭಾವ.

ಕಲೆಯ ದೃಷ್ಟಿಯಿಂದ ಆ ಕಪ್ಪು ರಸ್ತೆಯೇ ಹೆಚ್ಚು ಚೆನ್ನಾಗಿದೆ ಎನ್ನುವವರಿದ್ದಾರೆ, ನಾನೂ ತಕರಾರು ತೆಗೆಯುವುದಿಲ್ಲ. ಆದರೆ ವ್ಯಾಪಾರದ ದೃಷ್ಟಿಯಿಂದ ನೋಡಿ. ಅಜ್ಜಿ ಮೊಮ್ಮಗಳ ಲೇಸು ಕಟ್ಟುತ್ತಿದ್ದ ಬಾಗಿಲು ಮುಚ್ಚಿದ ಬಾಗಿಲು. ಕಪ್ಪು ರಸ್ತೆ ತೆರೆದ ಬಾಗಿಲು. ಮುಂದಿನ ಇಪ್ಪತ್ತೆಂಟು ವರ್ಷ ಒಬ್ಬರಾದ ಮೇಲೊಬ್ಬರು ನುಗ್ಗಿದ್ದು ಆ ಬಾಗಿಲಿನಿಂದಲೇ.

ಎರಡನೆಯ ಭಾಗವನ್ನು ತಯಾರಿಸಿದ ಕ್ಯಾರೊಲ್ಕೊ ಸಂಸ್ಥೆ 1995ರಲ್ಲಿ ದಿವಾಳಿಯಾಯಿತು. ಅದರ ಆಸ್ತಿಯ ಜೊತೆ ಸಾರಾಳ ಕಥೆಯೂ ಮಾರಾಟಕ್ಕೆ ಬಂತು. ಆಮೇಲಿನದು ಪಿತ್ರಾರ್ಜಿತ ಜಮೀನು ಕೈಯಿಂದ ಕೈಗೆ ಹೋಗುವ ಕಥೆ. ಕೊಂಡವರು 2003ರಲ್ಲಿ ಮೂರನೆಯ ಭಾಗ ತೆಗೆದರು. ಕ್ಯಾಮರಾನ್ ನಿರ್ದೇಶನವಿರಲಿಲ್ಲ. ಲಿಂಡಾ ಕೂಡ ಒಪ್ಪಲಿಲ್ಲ. ಆದ್ದರಿಂದ ಸಾರಾ ಎರಡು ಚಿತ್ರಗಳ ನಡುವೆ ನಮಗೆ ಕಾಣದಂತೆ ರಕ್ತದ ಕ್ಯಾನ್ಸರಿನಿಂದ ಸತ್ತಳು. ಮಗನ ಬಾಯಲ್ಲಿ ಎರಡು ಮಾತಿನಲ್ಲಿ ಮುಗಿಯಿತು. ಅವಳ ಶವಪೆಟ್ಟಿಗೆಯನ್ನು ತೆರೆದರೆ ಒಳಗೆ ಅವಳಿಲ್ಲ, ತುಂಬ ಬಂದೂಕುಗಳು. ಅವಳು ತಡೆದಿದ್ದಳು ಎಂದುಕೊಂಡಿದ್ದ ಯುದ್ಧವೂ ಕೊನೆಯಲ್ಲಿ ನಡೆದೇ ಹೋಗುತ್ತದೆ. ಅವಳು ಮುಂದಕ್ಕೆ ದೂಡಿದ್ದಳು, ತಡೆದಿರಲಿಲ್ಲ ಎಂಬುದು ಹೊಸ ವಾದ. ಆದರೂ ಚಿತ್ರ 43 ಕೋಟಿ ಡಾಲರ್ ತಂದಿತು. ಅದೇ ವರ್ಷ ಶ್ವಾರ್ಜ್‌ನೆಗರ್ ಕ್ಯಾಲಿಫೋರ್ನಿಯಾದ ಗವರ್ನರ್ ಆದರು.

2009ರ ನಾಲ್ಕನೆಯ ಭಾಗದಲ್ಲಿ ತಾಯಿ ಬರೀ ದನಿ. ಹಳೆಯ ಟೇಪುಗಳಲ್ಲಿ ಲಿಂಡಾ ಅವರ ದನಿ ಕೇಳಿಸುತ್ತದೆ. ತಯಾರಿಸಿದ ಸಂಸ್ಥೆ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು, ಹಕ್ಕು ಮತ್ತೆ ಹರಾಜಿಗೆ ಬಂತು. 2015ರ ಐದನೆಯ ಭಾಗದಲ್ಲಿ ಕಾಲಚಕ್ರವನ್ನು ತಿರುಗಿಸಿ ಸಾರಾಳನ್ನು ಮತ್ತೆ ಹುಡುಗಿಯನ್ನಾಗಿ ಮಾಡಿದರು. ಒಂಬತ್ತನೆಯ ವಯಸ್ಸಿನಿಂದ ಅವಳನ್ನು ಸಾಕಿ ಬೆಳೆಸಿದ್ದು ಅರ್ನಾಲ್ಡ್ ಯಂತ್ರವೇ. ಅಂದರೆ ತಟ್ಟೆ ಹೊರುತ್ತಿದ್ದ ಹುಡುಗಿ ತಾನಾಗಿ ಕಲಿತದ್ದೆಲ್ಲ ಈಗ ಯಂತ್ರ ಕಲಿಸಿಕೊಟ್ಟ ವಿದ್ಯೆ. ಸಾಲದೆಂದು ಮಗ ಜಾನ್‌ನನ್ನೇ ಯಂತ್ರವನ್ನಾಗಿಸಿ ಖಳನಾಯಕನ ಸ್ಥಾನದಲ್ಲಿ ನಿಲ್ಲಿಸಿದರು. ಮೂರು ಚಿತ್ರಗಳ ಸರಣಿಯೆಂದು ಹೇಳಿಕೊಂಡು ಶುರುವಾದದ್ದು ಒಂದಕ್ಕೇ ನಿಂತಿತು. ಈ ನಡುವೆ 2008–2009ರಲ್ಲಿ ಬಂದ 31 ಕಂತುಗಳ ಟೀವಿ ಧಾರಾವಾಹಿಯೊಂದೇ ಸಾರಾಳ ಹೆಸರನ್ನು ಶೀರ್ಷಿಕೆಯಲ್ಲಿಟ್ಟು, ಊರಿಂದ ಊರಿಗೆ ಮಗನನ್ನು ಕರೆದುಕೊಂಡು ಓಡುವ ತಾಯಿಯ ದಿನನಿತ್ಯದ ಬದುಕನ್ನು ಸ್ವಲ್ಪ ತಾಳ್ಮೆಯಿಂದ ನೋಡಿತು. ಅದನ್ನೂ ಅರ್ಧಕ್ಕೆ ನಿಲ್ಲಿಸಿದರು.

ಇಷ್ಟಾದ ಮೇಲೆ 2019ರ ನವೆಂಬರಿನಲ್ಲಿ 'ಡಾರ್ಕ್ ಫೇಟ್' ಬಂತು. ಕ್ಯಾಮರಾನ್ ನಿರ್ಮಾಪಕರಾಗಿ ಹಿಂದಿರುಗಿದ್ದರು, ನಿರ್ದೇಶನ ಟಿಮ್ ಮಿಲ್ಲರ್ ಅವರದು. ಮೂರು, ನಾಲ್ಕು, ಐದನೆಯ ಭಾಗಗಳು ನಡೆದೇ ಇಲ್ಲವೆಂದುಕೊಳ್ಳಿ, ಇದು ಎರಡರ ನಂತರದ್ದು ಎಂದರು. ಎಲ್ಲಕ್ಕಿಂತ ಹೆಚ್ಚಾಗಿ ಲಿಂಡಾ ಹ್ಯಾಮಿಲ್ಟನ್ ತೆರೆಯ ಮೇಲೆ ಸಾರಾಳಾಗಿ ಇಪ್ಪತ್ತೆಂಟು ವರ್ಷದ ನಂತರ ಬಂದಿದ್ದರು. ಅರವತ್ಮೂರು ವರ್ಷ, ನರೆತ ಕೂದಲು, ಮುಖದ ಸುಕ್ಕುಗಳನ್ನು ಮುಚ್ಚಿಕೊಳ್ಳದ ಧೈರ್ಯ. ಮುತ್ತೈದೆ ಪಾತ್ರ, ಅತ್ತೆ ಪಾತ್ರ ಎಂದು ನಟಿಯರನ್ನು ಮೂವತ್ತೈದಕ್ಕೇ ಮೂಲೆಗೆ ಸರಿಸುವ ಲೋಕದಲ್ಲಿ ಇದು ಸಣ್ಣ ಮಾತಲ್ಲ. ನಾನು ಆಸೆಯಿಟ್ಟುಕೊಂಡೇ ನೋಡಲು ಕೂತೆ.

ಚಿತ್ರ ಶುರುವಾಗಿ ಕೆಲವೇ ನಿಮಿಷ. 1998, ಗ್ವಾಟೆಮಾಲಾದ ಕಡಲತೀರದ ಹೋಟೆಲು. ಕಂಪ್ಯೂಟರಿನಿಂದ ಮತ್ತೆ ಎಳೆಯರನ್ನಾಗಿಸಿದ ಸಾರಾ ಮತ್ತು ಮಗ ಜಾನ್ ನೆಮ್ಮದಿಯಿಂದ ಇದ್ದಾರೆ. ಹಿಂದೆಂದೋ ಕಳಿಸಿದ್ದ ಇನ್ನೊಂದು ಯಂತ್ರ ನಡೆದುಬಂದು, ತಾಯಿಯ ಕಣ್ಣೆದುರೇ ಹುಡುಗನಿಗೆ ಗುಂಡಿಟ್ಟು, ಬಂದ ದಾರಿಯಲ್ಲೇ ಹೋಗುತ್ತದೆ. ಎರಡು ಚಿತ್ರಗಳ ಉದ್ದಕ್ಕೂ ಅವಳು ಯಾವುದಕ್ಕಾಗಿ ಪ್ರಾಣ ಒತ್ತೆಯಿಟ್ಟಿದ್ದಳೋ ಅದು ಅಲ್ಲಿಗೆ ಮುಗಿಯಿತು. ಮುಂದಿನ ಎರಡು ಗಂಟೆ ಏನು ನಡೆದರೂ ನನ್ನ ಮನಸ್ಸು ಆ ಹೋಟೆಲಿನಿಂದ ಏಳಲಿಲ್ಲ.

ಹಾಗೆಂದು ಚಿತ್ರದಲ್ಲಿ ಒಳ್ಳೆಯದಿಲ್ಲ ಎನ್ನಲಾರೆ. ಮೆಕ್ಸಿಕೊ ನಗರದ ಕಾರು ಕಾರ್ಖಾನೆಯಲ್ಲಿ ದುಡಿಯುವ ಡ್ಯಾನಿ ಎಂಬ ಹುಡುಗಿ ಈ ಸಲದ ಗುರಿ. ಆ ಬೆಳಿಗ್ಗೆ ಅವಳ ತಮ್ಮನ ಕೆಲಸವನ್ನು ಯಂತ್ರದ ತೋಳೊಂದು ಕಿತ್ತುಕೊಂಡಿರುತ್ತದೆ. ಯಂತ್ರ ಮನುಷ್ಯನನ್ನು ಮುಗಿಸುವುದು ಬಾಂಬಿನಿಂದಲೇ ಆಗಬೇಕಿಲ್ಲ ಎಂಬ ಒಳ್ಳೆಯ ಸೂಚನೆ ಅದು. ಇವಳನ್ನು ಕಾಪಾಡಲು ಬರುವ ಗ್ರೇಸ್ ಕೂಡ ಹೆಂಗಸು. ಡ್ಯಾನಿಯ ಹೊಟ್ಟೆಯಲ್ಲಿ ಯಾವನೋ ನಾಯಕ ಹುಟ್ಟಲಿದ್ದಾನೆ ಎಂದು ಸಾರಾ ತನ್ನ ಅನುಭವದಿಂದ ಎಣಿಸಿಕೊಳ್ಳುತ್ತಾಳೆ. ಹಾಗಲ್ಲ, ನಾಯಕಿ ಡ್ಯಾನಿಯೇ ಎಂದು ಆಮೇಲೆ ತಿಳಿಯುತ್ತದೆ. ಹೆಣ್ಣಿನ ಬೆಲೆ ಅವಳು ಹೆರುವ ಗಂಡುಮಗನಿಂದ ಎಂಬ ಹಳೆಯ ಲೆಕ್ಕವನ್ನು ಈ ಸರಣಿ ಕೊನೆಗೂ ಬಿಟ್ಟಿತು. ಮಗನನ್ನು ಕೊಂದ ಯಂತ್ರವೋ, ಮಾಡಲು ಬೇರೆ ಕೆಲಸವಿಲ್ಲದೆ ಕಾರ್ಲ್ ಎಂಬ ಹೆಸರಿಟ್ಟುಕೊಂಡು, ಒಬ್ಬ ಹೆಂಗಸು ಮತ್ತು ಅವಳ ಮಗನ ಜೊತೆ ಸಂಸಾರ ಹೂಡಿ, ಪರದೆ ಹೊಲಿಸಿಕೊಡುವ ವ್ಯಾಪಾರ ಮಾಡುತ್ತಿರುತ್ತದೆ. ಮಕ್ಕಳ ಕೋಣೆಗೆ ಯಾವ ಪರದೆ ಒಪ್ಪುತ್ತದೆ ಎಂದು ಗಂಭೀರವಾಗಿ ಹೇಳುವಾಗ ನಗು ಬರುತ್ತದೆ. ನಕ್ಕ ಮೇಲೆ ನೆನಪಾಗುತ್ತದೆ: ಕೊಂದವನಿಗೆ ಮನೆ, ಹೆಂಡತಿ, ಮಗ, ಪರದೆ. ಮಗನನ್ನು ಕಳೆದುಕೊಂಡವಳಿಗೆ ಹೆಂಡದ ಬಾಟಲಿ ಮತ್ತು ಮುರಿದ ನಿದ್ದೆ.

ಅಷ್ಟೇ ಅಲ್ಲ. ಸಾರಾ ತಡೆದ ಸ್ಕೈನೆಟ್ ಎಂಬ ಯಂತ್ರಜಾಲ ಹೋಯಿತು, ನಿಜ. ಅದರ ಜಾಗಕ್ಕೆ ಲೀಜನ್ ಎಂಬ ಇನ್ನೊಂದು ಬಂತು. ಹೆಸರು ಬೇರೆ, ಯುದ್ಧ ಅದೇ, ಬೆನ್ನಟ್ಟುವಿಕೆ ಅದೇ. ಹಾಗಾದರೆ ಅವಳು ಪಟ್ಟ ಪಾಡಿಗೆ ಏನು ಅರ್ಥ?

ಜನ ಬರಲಿಲ್ಲ. 18 ಕೋಟಿ ಡಾಲರಿಗೂ ಹೆಚ್ಚು ಸುರಿದ ಚಿತ್ರ ಜಗತ್ತಿನಾದ್ಯಂತ ತಂದದ್ದು ಸುಮಾರು 26 ಕೋಟಿ. ಅದರಲ್ಲಿ ಚಿತ್ರಮಂದಿರಗಳ ಪಾಲು ಕಳೆದು ಪ್ರಚಾರದ ಖರ್ಚು ಸೇರಿಸಿದರೆ ದೊಡ್ಡ ನಷ್ಟ. ಯೋಚಿಸಿದ್ದ ಮುಂದಿನ ಭಾಗಗಳು ಅಲ್ಲಿಗೇ ನಿಂತವು. ಸೋತ ಮೇಲೆ ಕಾರಣ ಹುಡುಕುವುದು ರೂಢಿ. ಹೆಂಗಸರೇ ತುಂಬಿಕೊಂಡರು ಎಂದು ಕೆಲವರು ಗೊಣಗಿದರು. ಅರವತ್ತು ದಾಟಿದ ಲಿಂಡಾ, ಎಪ್ಪತ್ತು ದಾಟಿದ ಅರ್ನಾಲ್ಡ್ ಇಬ್ಬರನ್ನೂ ಸೇರಿಸಿದ್ದರಿಂದ ಹೊಸ ತಲೆಮಾರಿಗೆ ಇದು ತಾತನ ಕಾಲದ ಚಿತ್ರವಾಗಿ ಕಂಡಿತು ಎಂಬ ಅರ್ಥದ ಮಾತನ್ನು 2022ರಲ್ಲಿ ಸ್ವತಃ ಕ್ಯಾಮರಾನ್ ಆಡಿದರು.

ಈ ಎರಡು ವಾದಗಳೂ ನನಗೆ ಒಪ್ಪಿಗೆಯಿಲ್ಲ. 1991ರಲ್ಲಿ ಜಗತ್ತು ಮುಗಿಬಿದ್ದು ನೋಡಿದ ಚಿತ್ರದ ನಡುಮಧ್ಯೆ ಇದ್ದವಳೂ ಹೆಂಗಸೇ. ವಯಸ್ಸಂತೂ ಕಾರಣವೇ ಅಲ್ಲ. ಆ ಚಿತ್ರದಲ್ಲಿ ಕಣ್ಣು ಕೀಳಲಾಗದಂತೆ ಮಾಡಿದವರು ಲಿಂಡಾ ಒಬ್ಬರೇ. ತಪ್ಪು ಇದ್ದದ್ದು ಬೇರೆ ಕಡೆ. ಹೊಸ ಮನೆ ಕಟ್ಟಲು ಹಳೆಯ ಮನೆಯ ತೊಲೆಯನ್ನೇ ಕಿತ್ತರು. ಮುಂದಿನ ಭಾಗ ಮಾಡುವವರಿಗೆ ಒಂದು ಋಣವಿರುತ್ತದೆ. ಹಿಂದಿನ ಭಾಗದಲ್ಲಿ ಒಬ್ಬಳು ಬೆವರು ರಕ್ತ ಸುರಿಸಿ ಗೆದ್ದದ್ದನ್ನು ಗೆದ್ದದ್ದೆಂದೇ ಇಟ್ಟುಕೊಂಡು ಮುಂದೆ ನಡೆಯಬೇಕು. ಹೊಸ ಕಷ್ಟ ತರಲಿ, ಬೇಡವೆನ್ನುವವರಾರು? ಹಳೆಯ ಗೆಲುವನ್ನು ಅಳಿಸಿ ಅದೇ ಕಷ್ಟವನ್ನು ಮತ್ತೆ ಬಡಿಸಿದರೆ ನೋಡುವವಳಿಗೆ ಅದು ಕಥೆಯೆನಿಸುವುದಿಲ್ಲ, ಮೋಸವೆನಿಸುತ್ತದೆ. ತಾಯಂದಿರ ಕೆಲಸವನ್ನು ಲೋಕ ಲೆಕ್ಕ ಹಿಡಿಯುವ ರೀತಿಯೂ ಹೆಚ್ಚು ಕಡಿಮೆ ಹೀಗೇ ಇದೆ. ತೊಳೆದಿಟ್ಟ ಪಾತ್ರೆ ಸಂಜೆಗೆ ಮತ್ತೆ ಮುಸುರೆಯಾಗುತ್ತದೆ, ತೊಳೆದದ್ದಕ್ಕೆ ಗುರುತೇ ಉಳಿಯುವುದಿಲ್ಲ. ಅದು ನಿತ್ಯದ ಬದುಕಿನಲ್ಲಿ ಇದ್ದದ್ದೇ. ಕಥೆಯಲ್ಲಾದರೂ ಒಬ್ಬಳ ಕೆಲಸ ನಿಲ್ಲಬೇಡವೆ?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ನಾಡು ಕಾಪಾಡಿಕೊಳ್ಳಬೇಕಾದ ಚಿತ್ರಗಳ ಪಟ್ಟಿಯೊಂದನ್ನು ಇಟ್ಟಿದೆ. ಮೊದಲ ಟರ್ಮಿನೇಟರನ್ನು 2008ರಲ್ಲಿ, ಎರಡನೆಯದನ್ನು 2023ರಲ್ಲಿ ಅದಕ್ಕೆ ಸೇರಿಸಿದರು. ಉಳಿದ ನಾಲ್ಕನ್ನು ಯಾರೂ ಸೇರಿಸಿಲ್ಲ. ಬೆಂಚಿನ ಮೇಲೆ ಕೂತ ಅಜ್ಜಿಯ ದೃಶ್ಯವೂ ಕಳೆದುಹೋಗಿಲ್ಲ. ಎರಡನೆಯ ಭಾಗದ ವಿಶೇಷ ಆವೃತ್ತಿಯ ಡಿಸ್ಕುಗಳಲ್ಲಿ ಅದನ್ನು ಸೇರಿಸಿದ್ದಾರೆ, ಹುಡುಕಿದರೆ ಸಿಗುತ್ತದೆ. ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಈ ಚಿತ್ರ ಹಾಕಿದರೆ ಒಳಗೆ ಎದ್ದುಹೋಗದೆ ಕೂತು ನೋಡಿ ಎಂದು ಓದುವ ಗೆಳತಿಯರಿಗೆ ಹೇಳುತ್ತೇನೆ. ಮೊದಲನೆಯದು, ಎರಡನೆಯದು, ಆಮೇಲೆ ಆ ಷೂ ಲೇಸಿನ ದೃಶ್ಯ. ಮೂರನೆಯದನ್ನು ಹಾಕಲು ಹೊರಟರೆ ಊಟಕ್ಕೆ ಹೊತ್ತಾಯಿತೆಂದು ಹೇಳಿ ಟೀವಿ ಆರಿಸಿಬಿಡಿ.